ತೆರಿಗೆಗೆ ಹೋದ ಹತ್ತು ಲಕ್ಷ

ಚಳ್ಳಕೆರೆ
12-11-2025, ಬುಧವಾರ

ಪೂಜ್ಯ ಕೊಟ್ರಮ್ಮಕ್ಕನವರಿಗೆ ನಿಮ್ಮ ತಮ್ಮನ ಹೆಂಡತಿ ದಾಕ್ಷಾಯಿಣಿಯ ಶರಣು ಶರಣಾರ್ಥಿಗಳು.

ಅಕ್ಕಾ, ಹೇಗಿದ್ದೀರಿ? ಈ ಸಲ ಕಾರ್ತೀಕದಲ್ಲೇ ಚಳಿ ಬಿದ್ದಿದೆ. ಚಳಿ ಬಂತೆಂದರೆ ನಿಮ್ಮ ಬಲಗೈ ಮಣಿಕಟ್ಟು ಊದುತ್ತಿತ್ತು, ಬಿಸಿನೀರಿಗೆ ಉಪ್ಪು ಹಾಕಿ ಅದ್ದಿಕೊಂಡು ಕೂರುತ್ತಿದ್ದಿರಿ. ಈಗ ದಿನವಿಡೀ ರೇಷ್ಮೆ ನೂಲು ಸುತ್ತುತ್ತೀರೆಂದು ಕೇಳಿದೆ. ಆ ಕೈಯಲ್ಲಿ ಹೇಗೆ ಸುತ್ತುತ್ತೀರೋ. ನಿಮಗೆ ಎಪ್ಪತ್ತನಾಲ್ಕು ಆಗಿರಬೇಕು, ಇವರಿಗಿಂತ ಏಳು ವರ್ಷ ದೊಡ್ಡವರಲ್ಲವೇ ನೀವು. ಕವರಿನ ಮೇಲೆ ನನ್ನ ಹೆಸರು ನೋಡಿ ಒಡೆಯದೆ ಇಟ್ಟುಬಿಡುತ್ತೀರೇನೋ ಎಂಬ ಹೆದರಿಕೆಯಲ್ಲಿ ಮೂರು ಸಲ ಬರೆದು ಹರಿದುಹಾಕಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ನನ್ನ ದನಿ ಕೇಳಿದ ಕೂಡಲೇ ನೀವು ಇಟ್ಟುಬಿಟ್ಟರೆ ಮತ್ತೊಮ್ಮೆ ಮಾಡುವ ಧೈರ್ಯ ನನಗಿಲ್ಲ. ಕಾಗದವಾದರೆ ಇವತ್ತಲ್ಲದಿದ್ದರೆ ನಾಳೆ ಓದಬಹುದು. ಇಪ್ಪತ್ತೆರಡು ವರ್ಷ ಕಾದವರು ನೀವು, ಇನ್ನೊಂದು ದಿನ ಇದು ನಿಮ್ಮ ಗೂಡಿನಲ್ಲಿ ಬಿದ್ದಿದ್ದರೂ ಪರವಾಗಿಲ್ಲ.

ನಾನು ಇದ್ದೇನೆ. ಬಿ.ಪಿ. ಮಾತ್ರೆ ನಡೆದಿದೆ, ಊಟ ಸೇರುತ್ತದೆ, ನಿದ್ದೆ ಮಾತ್ರ ಸರಿಯಿಲ್ಲ. ಮಹಡಿ ಮೇಲೆ ಬಾಡಿಗೆಗಿದ್ದ ಮೇಷ್ಟ್ರ ಸಂಸಾರ ಜೂನ್‌ನಲ್ಲಿ ಹಿರಿಯೂರಿಗೆ ವರ್ಗವಾಗಿ ಹೋಯಿತು, ಬೇರೆಯವರನ್ನು ಇಡಲು ಮನಸ್ಸಾಗಿಲ್ಲ. ಒಬ್ಬಳಿಗೆ ಮುದ್ದೆ ಮಾಡುವುದು ನನಗಿನ್ನೂ ಬಂದಿಲ್ಲ ಅಕ್ಕಾ. ಎಷ್ಟು ಕಡಿಮೆ ಹಿಟ್ಟು ಹಾಕಿದರೂ ಎರಡಾಗುತ್ತವೆ. ಒಂದನ್ನು ಉಂಡು ಇನ್ನೊಂದನ್ನು ಬೆಳಿಗ್ಗೆ ಮಜ್ಜಿಗೆಯಲ್ಲಿ ಕಲಸಿಕೊಳ್ಳುತ್ತೇನೆ. ಸಂಜೆ ಆರಕ್ಕೆ ಎಣ್ಣೆ ಗಿರಣಿಯ ಕಡೆಯಿಂದ ಹಿಂಡಿ ವಾಸನೆ ಬರಲು ಶುರುವಾಗುತ್ತದೆ, ಆ ಹೊತ್ತಿಗೆ ಟಿ.ವಿ. ಹಾಕಿಬಿಡುತ್ತೇನೆ. ನೋಡುವುದಕ್ಕಲ್ಲ, ಮನೆಯಲ್ಲಿ ಯಾರಾದರೂ ಮಾತಾಡುತ್ತಿರಲಿ ಎಂದು. ಹೋದ ವಾರ ಬ್ಯಾಂಕಿಗೆ ಹೋಗಿ ಜೀವಂತ ಪ್ರಮಾಣಪತ್ರಕ್ಕೆ ಬೆರಳು ಒತ್ತಿ ಬಂದೆ. ಪಿಂಚಣಿ ತಿನ್ನುವವರು ವರ್ಷಕ್ಕೊಮ್ಮೆ ಬದುಕಿದ್ದೇವೆಂದು ತೋರಿಸಬೇಕಲ್ಲ. ಯಂತ್ರ ಎರಡು ಸಲ ನನ್ನ ಬೆರಳನ್ನು ಹಿಡಿಯಲಿಲ್ಲ, ಮೂರನೆಯ ಸಲ ಹಿಡಿಯಿತು. ಅಲ್ಲಿ ಕೂತಿದ್ದ ಹೆಣ್ಣುಮಗಳು ಇನ್ನೊಂದು ವರ್ಷ ಚಿಂತೆಯಿಲ್ಲ ಬಿಡಿ ಎಂದಳು. ಅವತ್ತು ಇಡೀ ದಿನ ನನ್ನೊಡನೆ ಮಾತಾಡಿದವಳು ಅವಳೊಬ್ಬಳೇ.

ಈಗ ವಿಷಯಕ್ಕೆ ಬರುತ್ತೇನೆ. ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನನ್ನ ಕೈಯಿಂದ ಅದು ಒಮ್ಮೆ ಕಾಗದದ ಮೇಲೆ ಬೀಳಬೇಕು.

ಇವರಿಗೆ ಐದು ವರ್ಷವಿದ್ದಾಗ ಅವ್ವ ತೀರಿಕೊಂಡರು. ಮದುವೆಯಾಗಿ ವರ್ಷದೊಳಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ನೀವು, ಪರಶುರಾಂಪುರದ ಮಂಡಿಗಳಲ್ಲಿ ಕಡಲೆಕಾಯಿ ಆರಿಸಿ ಇವರನ್ನು ಓದಿಸಿದಿರಿ. ಪಶು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕ ದಿನದಿಂದ ಇವರು ಸಂಬಳವನ್ನು ತಂದು ನಿಮ್ಮ ಕೈಗೆ ಇಡುತ್ತಿದ್ದರು. ನಾನು ಮದುವೆಯಾಗಿ ಬಂದ ಮೇಲೂ ಅದು ಬದಲಾಗಲಿಲ್ಲ. ಹೂವಿಗೆ, ಬಳೆಗೆ, ತವರಿಗೆ ಹೋಗುವ ಬಸ್ ಚಾರ್ಜಿಗೆ ನಿಮ್ಮ ಮುಂದೆ ಬಂದು ನಿಲ್ಲಬೇಕಿತ್ತು. ನೀವು ಒಂದು ದಿನವೂ ಇಲ್ಲ ಎಂದವರಲ್ಲ. ಎಷ್ಟೋ ಸಲ ಕೇಳುವ ಮೊದಲೇ ಕೊಟ್ಟಿದ್ದೀರಿ. ಆದರೆ ಹದಿನೈದು ವರ್ಷ ಹೀಗೆ ನಿಂತು ನಿಂತು ನನ್ನೊಳಗೆ ಏನೋ ಕೊಳೆತುಹೋಗಿತ್ತು. ನಿಮ್ಮ ಕೊಡುವ ಕೈ ಒಳ್ಳೆಯದಾಗಿದ್ದಷ್ಟೂ ನನಗೆ ಸಿಟ್ಟು ಹೆಚ್ಚುತ್ತಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಅವತ್ತು ನಮ್ಮಣ್ಣ, ಅತ್ತಿಗೆ ಊಟಕ್ಕೆ ಬಂದಿದ್ದರು, ಪಕ್ಕದ ಮನೆಯ ಕಾಂಪೌಂಡರ್ ಹೆಂಡತಿಯೂ ಇದ್ದಳು. ಅತ್ತಿಗೆ ನನ್ನ ಸವೆದ ಬಳೆ ನೋಡಿ ನಕ್ಕಳು. ಅಷ್ಟಕ್ಕೇ ನಾನು ಎಲ್ಲರ ಎದುರಿಗೆ ನಿಮ್ಮನ್ನು ಕೇಳಿದೆ.

"ತಾಳಿ ಕಟ್ಟಿದ್ದು ನನಗೆ, ಸಂಬಳ ಕೊಡೋದು ನಿಮಗೆ. ಈ ಮನೆಯಾಗೆ ಅವರ ಹೆಂಡ್ತಿ ಯಾರು ಅಂತ ನೀವೇ ಹೇಳ್ರಿ."

ನೀವು ತಟ್ಟೆಯ ಮುಂದಿನಿಂದ ಎದ್ದು ಕೈ ತೊಳೆದುಕೊಂಡಿರಿ. ತಾಯಿಯಂತೆ ಸಾಕಿದವರಿಗೆ ಅಂಥ ಮಾತು. ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಬೀಗದ ಕೈ ಗೊಂಚಲು ಅಕ್ಕಿ ಡಬ್ಬಿಯ ಮೇಲಿತ್ತು, ನಿಮ್ಮ ಟ್ರಂಕು ಇರಲಿಲ್ಲ. ಇವರು ಉಳ್ಳಾರ್ತಿ ಕಾವಲಿನಲ್ಲಿ ದನಗಳಿಗೆ ಕಾಲುಬಾಯಿ ಲಸಿಕೆ ಹಾಕುವ ಕ್ಯಾಂಪಿನಲ್ಲಿದ್ದರು. ಎರಡು ದಿನ ಬಿಟ್ಟು ಬಂದವರು ಚಪ್ಪಲಿ ಬಿಡುತ್ತಲೇ ಅಕ್ಕ ಎಲ್ಲಿ ಎಂದರು. ಮೊಳಕಾಲ್ಮೂರಿಗೆ ಸೋದರಮಾವನ ಮನೆ ಕಡೆ ಹೋದರು, ಇನ್ನು ಅಲ್ಲೇ ಇರುತ್ತಾರಂತೆ, ನಮ್ಮ ಜೊತೆ ಸಾಕಾಯಿತಂತೆ ಎಂದು ಹೇಳಿದೆ. ನಾನಾಡಿದ ಮಾತನ್ನು ಹೇಳಲಿಲ್ಲ. ನಮ್ಮ ಮಗ, ಹದಿಮೂರು ವರ್ಷದ ವೀರೇಶ ನಿಮ್ಮ ಸೀರೆ ಹಿಡಿದುಕೊಂಡು ಮಲಗಿ ಬೆಳೆದವನು, ಅವನಿಗೂ ಅದನ್ನೇ ಹೇಳಿದೆ, ಅತ್ತೆಗೆ ನಾವು ಬೇಡವಾದೆವು ಎಂದು. ಮುಂದಿನ ತಿಂಗಳು ಸಂಬಳ ನನ್ನ ಕೈಗೆ ಬಂತು. ಗೆದ್ದೆ ಎಂದುಕೊಂಡೆ ಅಕ್ಕಾ. ಇವರು ನಿಮ್ಮ ವಿಷಯವನ್ನು ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎರಡು ಮೂರು ವರ್ಷಕ್ಕೆ ನೀವು ಈ ಮನೆಯಲ್ಲಿ ಇದ್ದಿರಿ ಎಂಬುದೇ ಸುಳ್ಳೇನೋ ಎನ್ನುವಂತೆ ಆಯಿತು.

ಎರಡು ಸಾವಿರದ ಹದಿನೆಂಟರಲ್ಲಿ ಇವರು ನಿವೃತ್ತರಾದರು. ಶಾಲು, ಹಾರ, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಗ್ರಾಚ್ಯುಟಿ, ಪಿಂಚಣಿಯ ಒಂದು ಭಾಗವನ್ನು ಮುಂಗಡವಾಗಿ ಪಡೆದದ್ದು, ರಜೆಯ ಸಂಬಳ, ಪಿ.ಎಫ್. ಎಲ್ಲ ಸೇರಿ ಮೂವತ್ತೊಂದು ಲಕ್ಷ ಬರುತ್ತದೆಂದು ಮೊದಲೇ ಹೇಳಿದ್ದರು. ದುಡ್ಡು ಬಂದ ಸಂಜೆ ಜಗುಲಿಯಲ್ಲಿ ಕೂತು, ನನ್ನ ಮುಖ ನೋಡದೆ, "ಹತ್ತು ಲಕ್ಷ ತೆರಿಗೆಗೆ ಹೋಯ್ತು ಕಣೆ" ಎಂದರು. ಸರ್ಕಾರದ ಕಾನೂನು, ಯಾರೇನು ಮಾಡುವುದಕ್ಕಾಗುತ್ತದೆ ಎಂದರು. ನಾನು ನಂಬಿದೆ. ನಂಬದೆ ಏನು, ನನಗೆ ತೆರಿಗೆ ಎಂದರೆ ಏನು ಗೊತ್ತಿತ್ತು? ಉಳಿದದ್ದರಲ್ಲಿ ಆರು ಲಕ್ಷ ವೀರೇಶನ ಗೊಬ್ಬರದ ಅಂಗಡಿಗೆ ಬಳ್ಳಾರಿಗೆ ಹೋಯಿತು, ಹದಿನೈದು ಲಕ್ಷ ನಮ್ಮಿಬ್ಬರ ಹೆಸರಿನಲ್ಲಿ ಬ್ಯಾಂಕಿನಲ್ಲಿ ಠೇವಣಿಯಾಯಿತು. ಆದರೆ ಆ ಹತ್ತು ಲಕ್ಷದ ಸಂಕಟ ನನ್ನನ್ನು ಬಿಡಲಿಲ್ಲ. ನಲವತ್ತು ವರ್ಷ ಸಗಣಿ ಗಂಜಲದಲ್ಲಿ ದುಡಿದವರ ಹಣವನ್ನು ಹೀಗೆ ತಿನ್ನುವುದೇ ಎಂದು ಸರ್ಕಾರಕ್ಕೆ ಹಾಕದ ಶಾಪವಿಲ್ಲ. ಟಿ.ವಿ.ಯಲ್ಲಿ ಬಜೆಟ್ ಬಂದಾಗಲೆಲ್ಲ ಎದ್ದು ನಿಂತು ಬೈಯುತ್ತಿದ್ದೆ. ಇವರು ತಲೆ ತಗ್ಗಿಸಿ ಕಡಲೆಕಾಯಿ ಸುಲಿಯುತ್ತ ಕೂರುತ್ತಿದ್ದರು. ಪಾಪ, ಬಹಳ ನೊಂದಿದ್ದಾರೆ ಎಂದುಕೊಂಡು ನಾನೇ ಸುಮ್ಮನಾಗುತ್ತಿದ್ದೆ.

ಆ ವರ್ಷದಿಂದಲೇ ಇವರಿಗೆ ಮೊಳಕಾಲ್ಮೂರು ಕಡೆಯ ಬೆಟ್ಟದ ಮೇಲಿನ ಜಟಿಂಗ ರಾಮೇಶ್ವರನ ಭಕ್ತಿ ಶುರುವಾಯಿತು. ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ, ವರ್ಷಕ್ಕೆ ನಾಲ್ಕು ಸಲ ಬೆಳಗಿನ ಬಸ್ಸಿಗೆ ಹೋಗಿ ಸಂಜೆಗೆ ಬರುತ್ತಿದ್ದರು. ಬರುವಾಗ ಒಂದು ವಿಭೂತಿ ಉಂಡೆ ತರುತ್ತಿದ್ದರು. ನಾನೂ ಬರಲಾ ಎಂದರೆ ಬೆಟ್ಟ ಹತ್ತುವುದು ನಿನ್ನ ಕೈಲಾಗದು ಎನ್ನುತ್ತಿದ್ದರು. ಇವರಿಗೇ ಮೊಣಕಾಲು ನೋವು, ಸಂತೆಯಿಂದ ಬರುವಾಗ ಎರಡು ಕಡೆ ಕೂರುತ್ತಿದ್ದರು. ಆ ಮನುಷ್ಯ ಅಷ್ಟು ಎತ್ತರದ ಬೆಟ್ಟ ಹೇಗೆ ಹತ್ತಿಬಂದರು ಎಂದು ನಾನು ಒಮ್ಮೆಯೂ ಕೇಳಲಿಲ್ಲ.

ಈ ಫೆಬ್ರವರಿ ಹತ್ತೊಂಬತ್ತರ ಬೆಳಿಗ್ಗೆ ಬಚ್ಚಲಲ್ಲಿ ಬಿದ್ದರು. ಚಿತ್ರದುರ್ಗಕ್ಕೆ ಕರೆದುಕೊಂಡು ಹೋದೆವು, ಸಂಜೆ ಐದಕ್ಕೆ ಹೋಗಿಬಿಟ್ಟರು. ಮಾತಾಡಲಿಲ್ಲ, ನನ್ನ ಕೈಯನ್ನು ಮಾತ್ರ ಹಿಡಿದುಕೊಂಡಿದ್ದರು. ಮಾರನೆಯ ದಿನ ಮಣ್ಣು ಮಾಡುವ ಮೊದಲು ನಮ್ಮಣ್ಣ ಕೊಟ್ರಮ್ಮಕ್ಕನಿಗೆ ಹೇಳಿಕಳಿಸೋಣವೇ ಎಂದು ಕೇಳಿದ. ಆಮೇಲೆ ಹೇಳಿದರಾಯಿತು ಎಂದೆ. ಆ ಆಮೇಲೆ ಎಂಬುದು ಬರಲೇ ಇಲ್ಲ. ನೀವು ಸಾಕಿದ ಕೂಸಿನ ಮುಖವನ್ನು ಕೊನೆಗೆ ನಿಮಗೆ ತೋರಿಸದೆ ಮಣ್ಣಿಗೆ ಕೊಟ್ಟೆ. ಹಿಂದಿನ ಮಾತು ಸಿಟ್ಟಿನಲ್ಲಿ ಬಂದದ್ದು. ಇದು ಸಿಟ್ಟಿನಲ್ಲಲ್ಲ, ಎಚ್ಚರದಲ್ಲಿದ್ದು ಮಾಡಿದ್ದು. ಎರಡರಲ್ಲಿ ಇದಕ್ಕೇ ನಾನು ಹೆಚ್ಚು ಹೆದರುತ್ತೇನೆ.

ಆಮೇಲೆ ಕಾಗದಪತ್ರಗಳ ಕಾಲ. ಖಜಾನೆ, ಬ್ಯಾಂಕು, ನಾಡಕಚೇರಿ. ವಂಶವೃಕ್ಷ ಬರೆಯುವಾತ ಇನ್ಯಾರಾದರೂ ಇದ್ದಾರೇನಮ್ಮ ಎಂದು ಕೇಳಿದ, ಯಾರೂ ಇಲ್ಲ ಎಂದೆ. ನನ್ನ ಹೆಸರಿಗೆ ಕುಟುಂಬ ಪಿಂಚಣಿ ಬರತೊಡಗಿತು. ಇವರ ಪಿಂಚಣಿಯನ್ನು ಆದಾಯ ತೆರಿಗೆಯವರು ಸಂಬಳ ಎಂದೇ ಲೆಕ್ಕ ಹಿಡಿಯುತ್ತಿದ್ದರಂತೆ, ನನ್ನದು ಹಾಗಲ್ಲವಂತೆ, 'ಇತರೆ ಮೂಲ'ದ ಆದಾಯವಂತೆ. ಮೂವತ್ತೇಳು ವರ್ಷ ಸಂಸಾರ ಮಾಡಿದ ಮೇಲೆ ಇತರೆ ಮೂಲ. ಇದನ್ನೆಲ್ಲ ನನಗೆ ಹೇಳಿಕೊಟ್ಟವಳು ದಿವ್ಯಾ. ಪಾವಗಡ ರಸ್ತೆಯಲ್ಲಿ ತೆರಿಗೆ ಲೆಕ್ಕ ಬರೆಯುವ ಆಫೀಸು ಇಟ್ಟುಕೊಂಡಿದ್ದಾಳೆ, ಮೂವತ್ತರ ಒಳಗಿನ ವಯಸ್ಸು, ತಾಳ್ಮೆ ಬಹಳ. ಸತ್ತವರ ಕೊನೆಯ ವರ್ಷದ ಲೆಕ್ಕವನ್ನೂ ವಾರಸುದಾರರು ಸಲ್ಲಿಸಬೇಕೆಂದು ಆಗಸ್ಟಿನಲ್ಲಿ ನನ್ನನ್ನು ಕೂರಿಸಿಕೊಂಡು, ಇವರ ಹೆಸರಿನಲ್ಲಿ ಎಲ್ಲೆಲ್ಲಿಂದ ಹಣ ಬಂದಿದೆಯೋ ಆ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ತೆಗೆದಳು. ಪಿಂಚಣಿ, ಬ್ಯಾಂಕಿನ ಬಡ್ಡಿ. ಅದರ ಕೆಳಗೆ ಇನ್ನೊಂದು ಸಾಲು ಇತ್ತು.

"ಆಂಟಿ, ಮೊಳಕಾಲ್ಮೂರು ಪೋಸ್ಟಾಫೀಸಿನಾಗೆ ಸಾರ್ ಹೆಸರಲ್ಲಿ ಹಿರಿಯರ ಉಳಿತಾಯದ ಠೇವಣಿ ಐತೆ. ಎಂಬತ್ತೆರಡು ಸಾವಿರ ಬಡ್ಡಿ ಬಂದೈತೆ, ಅದರಾಗೆ ಎಂಟು ಸಾವಿರದ ಇನ್ನೂರು ತೆರಿಗೆ ಹಿಡಿದಾರೆ. ಲೆಕ್ಕ ಸಲ್ಲಿಸಿದ್ರೆ ವಾಪಸ್ ಬರುತ್ತೆ."

ಹಿಂದಿನ ವರ್ಷಗಳಲ್ಲಿ ಇವರು ಏಪ್ರಿಲ್‌ನಲ್ಲೇ 15ಎಚ್ ಎಂಬ ಫಾರಂ ಕೊಟ್ಟು ತೆರಿಗೆ ಹಿಡಿಯದಂತೆ ನೋಡಿಕೊಂಡಿದ್ದರು. ಹೋದ ವರ್ಷ ಏಪ್ರಿಲ್‌ನಲ್ಲಿ ಇವರ ಕಣ್ಣಿನ ಪೊರೆ ತೆಗೆಸಿದ್ದೆವು, ಆ ಗಡಿಬಿಡಿಯಲ್ಲಿ ಮರೆತಿರಬೇಕು. ಎಂಬತ್ತೆರಡು ಸಾವಿರ ಬಡ್ಡಿ ಎಂದರೆ ಅಸಲು ಎಷ್ಟಮ್ಮ ಎಂದೆ. ಹತ್ತು ಲಕ್ಷ ಎಂದಳು. ಆ ಹತ್ತು ಲಕ್ಷ ತೆರಿಗೆಗೆ ಹೋಯಿತಲ್ಲ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದ ಮೇಲೆ ಮೆಲ್ಲಗೆ, "ಸರ್ಕಾರಿ ನೌಕರರ ಗ್ರಾಚ್ಯುಟಿಗೆ, ಮುಂಗಡ ಪಿಂಚಣಿಗೆ ತೆರಿಗೇನೇ ಇಲ್ಲ ಆಂಟಿ. ಒಂದು ರೂಪಾಯಿನೂ ಇಲ್ಲ" ಎಂದಳು. ಬಡ್ಡಿ ಬಿದ್ದ ತಾರೀಖುಗಳನ್ನು ನೋಡಿದೆ. ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ.

ನಾನು ಏನು ಯೋಚಿಸಿದೆ ಎಂದು ನಿಮಗೆ ಹೇಳಲೇಬೇಕು. ಇವರಿಗೆ ಮೊಳಕಾಲ್ಮೂರಿನಲ್ಲಿ ಇನ್ನೊಬ್ಬಳು ಇದ್ದಳು ಎಂದುಕೊಂಡೆ. ನೀವು ಅಲ್ಲಿದ್ದೀರೆಂದು ಗೊತ್ತಿದ್ದೂ, ನಿಮ್ಮ ಹೆಸರನ್ನೇ ಎತ್ತದ ಇವರು ನಿಮ್ಮ ಹತ್ತಿರ ಹೋಗುತ್ತಿದ್ದಿರಬಹುದೆಂದು ನನಗೆ ಹೊಳೆಯಲೇ ಇಲ್ಲ. ಎರಡು ವಾರ ನಾನು ಮನುಷ್ಯಳಾಗಿರಲಿಲ್ಲ. ಬೀರುವಿನಲ್ಲಿದ್ದ ಅಂಗಿಗಳನ್ನೆಲ್ಲ ಕೆಳಗೆ ಹಾಕಿ ಜೇಬು ಹುಡುಕಿದೆ, ಹಳೆಯ ಬಸ್ ಟಿಕೆಟುಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಫೋಟೋಕ್ಕೆ ಹೂ ಹಾಕುವುದನ್ನು ನಿಲ್ಲಿಸಿದೆ. ವೀರೇಶನಿಗೂ ಹೇಳಲಿಲ್ಲ, ಯಾವ ಬಾಯಿಂದ ಹೇಳಲಿ? ಸತ್ತವರ ಜೊತೆ ಜಗಳವಾಡುವುದು ಬಹಳ ಕಷ್ಟ ಅಕ್ಕಾ. ಎಷ್ಟು ಬೈದರೂ ಮನೆ ಹಾಗೇ ಇರುತ್ತದೆ.

ಸೆಪ್ಟೆಂಬರಿನಲ್ಲಿ ಒಂದು ದಿನ ಮರಣ ಪ್ರಮಾಣಪತ್ರವನ್ನು ಚೀಲದಲ್ಲಿ ಹಾಕಿಕೊಂಡು ಮೊಳಕಾಲ್ಮೂರಿಗೆ ಬಂದೆ. ಅಂಚೆ ಕಚೇರಿಯ ಕೌಂಟರಿನಲ್ಲಿದ್ದಾತ ರಾಮಾಂಜನೇಯ, ನಿಮಗೆ ಚೆನ್ನಾಗಿ ಗೊತ್ತು. ನೀವು ನಾಮಿನಿ ಅಲ್ಲಮ್ಮ, ಅವರ ಹೆಸರು ಹೇಳುವಂತಿಲ್ಲ ಎಂದು ಮೊದಲು ಖಡಾಖಂಡಿತವಾಗಿ ಹೇಳಿದ. ಪ್ರಮಾಣಪತ್ರದಲ್ಲಿ ಹೆಸರು ಓದಿದವನು ಎದ್ದು ನಿಂತ. ಡಾಕ್ಟರ್ ಸಾರ್ ಮನೆಯವರಾ ಎಂದು ಕೇಳಿ ಹೊರಗೆ ಬಂದು ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟ. ಕುರಿಗೆ ಮದ್ದು ಕೊಡುವ ಇವರನ್ನು ಅಲ್ಲಿಯೂ ಡಾಕ್ಟರ್ ಎಂದೇ ಕರೆಯುತ್ತಿದ್ದರಲ್ಲ. ನಾನು ಎದೆ ಗಟ್ಟಿ ಮಾಡಿಕೊಂಡು, ಇವರ ಜೊತೆ ಯಾರು ಬರುತ್ತಿದ್ದರು ಎಂದು ಕೇಳಿದೆ.

"ಇನ್ಯಾರು ಬರ್ತಾರಮ್ಮ, ಅವರಕ್ಕ. ಮೂರು ತಿಂಗಳಿಗೊಂದ್ಸಲ ಇಬ್ರೂ ಈ ಬೆಂಚಿನ ಮ್ಯಾಲೇ ಕೂರೋರು. ಸಾರ್ ದುಡ್ಡು ಎಣಿಸಿ ಆಯಮ್ಮನ ಕೈಗೆ ಇಡೋರು. ಆಯಮ್ಮ ಅದರಾಗೆ ನೂರು ರೂಪಾಯಿ ತೆಗೆದು ಬಸ್ಸಿಗೆ ಇಟ್ಕೋ ಅಂತ ವಾಪಸ್ ಕೊಡೋಳು."

ಇವರು ತೀರಿಕೊಂಡ ಮೇಲೆ ಏಪ್ರಿಲ್ ಒಂದಕ್ಕೆ ನೀವು ಬಂದು ಬಾಗಿಲು ಹಾಕುವ ತನಕ ಕೂತಿದ್ದಿರಂತೆ. ಮಾರನೆಯ ದಿನವೂ ಬಂದಿರಂತೆ. ಆಮೇಲೆ ಪರಶುರಾಂಪುರದ ಕುರಿ ವ್ಯಾಪಾರಿ ಯಾರೋ ಬಸ್ ಸ್ಟ್ಯಾಂಡಿನಲ್ಲಿ ನಿಮಗೆ ಸುದ್ದಿ ಹೇಳಿದನಂತೆ. ಇವರು ಹೋದ ನಲವತ್ತು ದಿನಕ್ಕೆ, ಬಸ್ ಸ್ಟ್ಯಾಂಡಿನಲ್ಲಿ. ನಾಮಿನಿ ನೀವೇ, ಹಣ ನಿಮಗೆ ಬರುತ್ತದೆ, ಅರ್ಜಿ ಹಾಕಿ ಎಂದು ರಾಮಾಂಜನೇಯ ಎಷ್ಟು ಹೇಳಿದರೂ ನೀವು ಕೇಳಲಿಲ್ಲವಂತೆ. "ಹೆಸರು ನಂದಿದ್ರೇನು, ದುಡ್ಡು ಅವನ ಹೆಂಡ್ತೀದು. ಅವಳಿಗೇ ಕೊಡ್ರಿ" ಅಂದಿರಂತೆ. ಆ ಮಾತನ್ನು ಅವನು ಹೇಳುವಾಗ ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದೆ. ಇಪ್ಪತ್ತೆರಡು ವರ್ಷದ ಹಿಂದೆ ಎಲ್ಲರೆದುರು ಕೇಳಿದ ಪ್ರಶ್ನೆಗೆ ನೀವು ಅಂಚೆ ಕಚೇರಿಯಲ್ಲಿ ಉತ್ತರ ಕೊಟ್ಟಿದ್ದಿರಿ.

ವಿಳಾಸ ಕೇಳಿಕೊಂಡು ನಿಮ್ಮ ಬೀದಿಗೆ ಬಂದೆ. ಮಗ್ಗದ ಸದ್ದಿನ ನಡುವೆ ಮೂರನೆಯ ಮನೆ. ಬಾಗಿಲು ತೆರೆದಿತ್ತು. ನೀವು ಬೆನ್ನು ತಿರುಗಿಸಿ ಕೂತು ನೂಲು ಸುತ್ತುತ್ತಿದ್ದಿರಿ. ಬೆನ್ನು ಎಷ್ಟು ಬಾಗಿದೆ ಅಕ್ಕಾ. ಕೂದಲೆಲ್ಲ ಹತ್ತಿಯ ಹಾಗೆ. ಕರೆಯಬೇಕೆಂದು ಬಾಯಿ ತೆರೆದೆ, ಏನೆಂದು ಕರೆಯಲಿ? ಎದುರು ಮನೆಯ ಹೆಂಗಸು ಹೊರಗೆ ಬಂದು ತೆಲುಗಿನಲ್ಲಿ ಯಾರು ಬೇಕಮ್ಮ ಎಂದಳು. ಬೀದಿ ತಪ್ಪಿತು ಎಂದು ಹೇಳಿ ಬಸ್ ಸ್ಟ್ಯಾಂಡಿನವರೆಗೆ ಓಡಿದ ಹಾಗೆ ನಡೆದೆ. ಚಳ್ಳಕೆರೆಗೆ ಬಂದು ಬಾಗಿಲ ಬೀಗ ತೆಗೆದು ಒಳಗೆ ಕಾಲಿಟ್ಟಾಗ ಅನ್ನಿಸಿದ್ದು, ನೀವು ಅಲ್ಲಿ ಒಬ್ಬರೇ, ನಾನು ಇಲ್ಲಿ ಒಬ್ಬಳೇ, ನಡುವೆ ಒಂದು ಬಸ್ಸಿನ ದಾರಿ ಅಷ್ಟೇ. ಆದರೂ ಹೋಗಿ ಬಂದವಳು ಮಾತಾಡಿಸದೆ ಬಂದಿದ್ದೇನೆ.

ವೀರೇಶನಿಗೆ ಆಗ ಹೇಳಿದೆ. ನಾಮಿನಿ ಎಂದರೆ ಬರೀ ಕಾವಲುಗಾರ ಅವ್ವ, ವಾರಸುದಾರರು ನಾವು, ತಕರಾರು ಅರ್ಜಿ ಕೊಡೋಣ ಎಂದ. ವಕೀಲರಿಂದ ಕಾಗದ ಬರೆಸಿ ನನ್ನ ಸಹಿಗೆ ಕಳಿಸಿಯೂ ಬಿಟ್ಟ. ಅವನನ್ನು ತಪ್ಪು ತಿಳಿಯಬೇಡಿ. ಅಂಗಡಿಯ ಕಷ್ಟ ಅವನದು, ಇಬ್ಬರು ಮಕ್ಕಳು. ಅತ್ತೆಗೆ ತಿಂಗಳಿಗಿಷ್ಟು ಎಂದು ನಾನೇ ಕಳಿಸುತ್ತೇನೆ, ಆದರೆ ಹತ್ತು ಲಕ್ಷವನ್ನು ಹಾಗೇ ಬಿಡುವುದಕ್ಕಾಗುತ್ತದೆಯೇ ಎಂದು ಕೇಳಿದ. ಆಗ ನಾನು ಫೋನಿನಲ್ಲೇ ನಿಮಗೆ ಅಂದ ಮಾತನ್ನು ಅವನಿಗೆ ಹೇಳಿದೆ, ಅಂದ ಹಾಗೇ, ಒಂದಕ್ಷರ ಬಿಡದೆ. "ಅತ್ತೆ ನಮ್ಮನ್ನ ಬ್ಯಾಡ ಅಂತ ಹೋದ್ಲು ಅಂದಿದ್ಯಲ್ಲವ್ವ" ಎಂದ. ಆ ದನಿ ಮೂವತ್ತೈದು ವರ್ಷದ ಗಂಡಸಿನದಾಗಿರಲಿಲ್ಲ. ಫೋನ್ ಇಟ್ಟ. ಇವತ್ತಿಗೆ ಇಪ್ಪತ್ನಾಲ್ಕು ದಿನ, ಅವನ ಫೋನ್ ಇಲ್ಲ. ಆ ಅರ್ಜಿಯ ಮಾತನ್ನೂ ಮತ್ತೆ ಎತ್ತಿಲ್ಲ. ನಾನು ಅದಕ್ಕೆ ಸಹಿ ಹಾಕಿಲ್ಲ, ಹಾಕುವುದಿಲ್ಲ. ಅವನಾಗಿ ಕೋರ್ಟಿಗೆ ಹೋದರೆ ನಿಮ್ಮ ಕಡೆ ನಿಂತು ಸಾಕ್ಷಿ ಹೇಳುತ್ತೇನೆ ಎಂದು ಅವನಿಗೆ ಒಂದು ಕಾಗದ ಬರೆದಿದ್ದೇನೆ. ಅವನು ಹೋಗುವುದಿಲ್ಲ, ನಿಮ್ಮ ತೋಳಲ್ಲಿ ಬೆಳೆದವನು.

ಆದ್ದರಿಂದ ಅಕ್ಕಾ, ಆ ಹಣವನ್ನು ನೀವು ತೆಗೆದುಕೊಳ್ಳಬೇಕು. ಅದು ನನ್ನದು ಎನ್ನಬೇಡಿ. ತೆರಿಗೆಗೆ ಹೋಯಿತು ಎಂದು ಏಳು ವರ್ಷದ ಹಿಂದೆಯೇ ನಾನು ಅದರ ಆಸೆ ಬಿಟ್ಟಿದ್ದೇನೆ, ಅದಿಲ್ಲದೆ ಒಂದು ತುತ್ತೂ ಕಡಿಮೆ ಉಂಡಿಲ್ಲ. ನನಗೆ ಪಿಂಚಣಿ ಇದೆ, ಬ್ಯಾಂಕಿನ ಬಡ್ಡಿ ಇದೆ. ನಿಮಗೆ ಕೊಡಬೇಕಾದ್ದನ್ನು ಇವರು ನನಗೆ ಹೆದರಿ ಕದ್ದು ಕೊಟ್ಟರು. ಮೂವತ್ತೇಳು ವರ್ಷ ಜೊತೆಗಿದ್ದ ಗಂಡ, ತನ್ನ ಅಕ್ಕನಿಗೆ ಅನ್ನ ಹಾಕುತ್ತೇನೆ ಎಂದು ನನ್ನೆದುರು ಹೇಳಲಾರದೆ ಸರ್ಕಾರದ ಮೇಲೆ ಸುಳ್ಳು ಹೇಳಿದರು. ಅಂಥ ಹೆಂಡತಿಯಾಗಿದ್ದೆ ನಾನು. ಈ ಕಾಗದದ ಜೊತೆ ಮರಣ ಪ್ರಮಾಣಪತ್ರದ ಮೂಲ ಪ್ರತಿ ಇಟ್ಟಿದ್ದೇನೆ, ಮಡಿಕೆ ಬಿದ್ದಲ್ಲಿ ಹರಿಯದಂತೆ ನೋಡಿಕೊಳ್ಳಿ. ಅದು, ನಿಮ್ಮ ಆಧಾರ್, ಪ್ಯಾನ್ ಕಾರ್ಡು ಇದ್ದರೆ ಅರ್ಜಿ ಮುಗಿಯುತ್ತದೆ. ಪ್ಯಾನ್ ಇಲ್ಲದಿದ್ದರೆ ಅದನ್ನು ಮೊದಲು ಮಾಡಿಸಬೇಕು. ನಿಮಗೆ ಬರುವ ಅಸಲಿಗೆ ತೆರಿಗೆ ಇಲ್ಲ ಎಂದು ದಿವ್ಯಾ ಹೇಳಿದ್ದಾಳೆ, ಯಾರಾದರೂ ಇದೆ ಎಂದರೆ ನಂಬಬೇಡಿ, ನಾನು ನಂಬಿ ಕೆಟ್ಟಿದ್ದು ಸಾಕು. ಆ ಹಣವನ್ನು ನಿಮ್ಮ ಹೆಸರಿನಲ್ಲೇ ಅದೇ ಉಳಿತಾಯದಲ್ಲಿ ಮತ್ತೆ ಇಡಿ. ಈಗಿನ ದರದಲ್ಲಿ ಮೂರು ತಿಂಗಳಿಗೆ ಇಪ್ಪತ್ತು ಸಾವಿರದ ಐನೂರು ಬರುತ್ತದೆ. ಈ ವರ್ಷದಿಂದ ಹಿರಿಯರಿಗೆ ವರ್ಷದ ಬಡ್ಡಿ ಲಕ್ಷದ ಒಳಗಿದ್ದರೆ ತೆರಿಗೆ ಹಿಡಿಯುವುದಿಲ್ಲವಂತೆ, ಆದರೂ ಪ್ರತಿ ಏಪ್ರಿಲ್‌ನಲ್ಲಿ ಫಾರಂ ಕೊಟ್ಟಿರಿ. ನೂಲು ಸುತ್ತುವುದನ್ನು ಬಿಡಿ ಎಂದು ಹೇಳುವ ಹಕ್ಕು ನನಗಿಲ್ಲ. ಚಳಿಗಾಲದಲ್ಲಾದರೂ ಬಿಡಿ. ಇವರ ಲೆಕ್ಕದಲ್ಲಿ ವಾಪಸು ಬಂದ ಎಂಟು ಸಾವಿರದ ಇನ್ನೂರು ಅಕ್ಟೋಬರಿನಲ್ಲಿ ನನ್ನ ಖಾತೆಗೆ ಬಿದ್ದಿದೆ. ಅದೂ ನಿಮ್ಮದೇ, ಬೇರೆ ಕವರಿನಲ್ಲಿ ಎತ್ತಿಟ್ಟಿದ್ದೇನೆ.

ಕ್ಷಮಿಸಿ ಎಂದು ಬರೆಯಲು ಹೋದರೆ ಪೆನ್ನು ನಿಲ್ಲುತ್ತದೆ. ಕ್ಷಮಿಸದಿದ್ದರೂ ಹಣ ತೆಗೆದುಕೊಳ್ಳಿ. ಒಂದೇ ಒಂದು ಸಂಗತಿ ನನ್ನನ್ನು ತಿನ್ನುತ್ತಿದೆ. ಆ ಬೆಂಚಿನ ಮೇಲೆ ಏಳು ವರ್ಷ ಕೂತಿರಲ್ಲ, ನಾನಾಡಿದ ಮಾತನ್ನು ನೀವು ಇವರಿಗೆ ಹೇಳಿದಿರಾ? ಗೊತ್ತಿದ್ದೂ ನನ್ನ ಜೊತೆ ಬಾಳಿದರೋ, ಗೊತ್ತಿಲ್ಲದೆ ಬಾಳಿದರೋ. ಕೊನೆಗೆ ಇವರು ಹಿಡಿದದ್ದು ಯಾರ ಕೈ ಎಂದು ತಿಳಿದುಕೊಂಡು ಹಿಡಿದರು? ನಿಮ್ಮನ್ನು ಬಿಟ್ಟರೆ ಇದನ್ನು ಹೇಳುವವರು ಈ ಲೋಕದಲ್ಲಿ ಯಾರೂ ಇಲ್ಲ.

ಔಷಧಿ ತಪ್ಪಿಸಬೇಡಿ. ರಾತ್ರಿ ಕಿವಿಗೆ ಬಟ್ಟೆ ಕಟ್ಟಿಕೊಳ್ಳಿ. ಎದುರು ಮನೆಯ ಆ ಹೆಣ್ಣುಮಗಳಿಗೆ, ಅವತ್ತು ಬೀದಿ ತಪ್ಪಿದವಳು ಯಾರೆಂದು ಹೇಳಿದರೂ ಸರಿ, ಹೇಳದಿದ್ದರೂ ಸರಿ. ಹಿರಿಯರಾದ ನೀವು ಬೈದು ಬರೆದರೂ ಅದನ್ನು ಆಶೀರ್ವಾದ ಎಂದೇ ತಿಳಿಯುತ್ತೇನೆ.

ಇಂತಿ ನಿಮ್ಮ ಪಾದಕ್ಕೆ ಬಾಗುವ,
ದಾಕ್ಷಾಯಿಣಿ

ಕವರು ಅಂಟಿಸುವ ಮೊದಲು ಇನ್ನೊಂದು ಮಾತು. ಅರ್ಜಿಗೆ ಇಬ್ಬರು ಸಾಕ್ಷಿ ಬೇಕಂತೆ. ಒಬ್ಬ ರಾಮಾಂಜನೇಯ ಒಪ್ಪಿದ್ದಾನೆ, ಇನ್ನೊಬ್ಬಳು ನಾನಾಗಬಹುದೇ? ಬರುವ ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಅಂಚೆ ಕಚೇರಿಯ ಕೆಲಸ ಮಧ್ಯಾಹ್ನಕ್ಕೇ ಮುಗಿಯುತ್ತದೆ, ನಾಲ್ಕೂವರೆಗೆ ವಾಪಸು ಬಸ್ಸೂ ಇದೆ. ಆದರೆ ಇಲ್ಲಿ ನನಗಾಗಿ ಕಾಯುವವರು ಯಾರೂ ಇಲ್ಲ ಅಕ್ಕಾ. ನಿಮ್ಮ ಮನೆಯಲ್ಲಿ ಒಂದು ರಾತ್ರಿ ಮಲಗಲು ಜಾಗ ಕೊಡುತ್ತೀರಾ? ಒಂದು ಸೀರೆ ಹೆಚ್ಚಿಗೆ ಇಟ್ಟುಕೊಂಡು ಬರುತ್ತೇನೆ. ಬೇಡ ಅಂದರೆ ಹಾಗೇ ವಾಪಸು ತರುತ್ತೇನೆ, ಒಂದು ಸೀರೆ ಏನೂ ಭಾರವಲ್ಲ.